ಭುಜಕ್ಕೆ ಹಚ್ಚೋ ಜೆಲ್

ಹೆಂಗಸರ ಗರ್ಭನಿರೋಧಕ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1960ರಲ್ಲಿ. ಗಂಡಸರಿಗೆ ಅಂತ ಹಾರ್ಮೋನಿನ ಔಷಧಿ ಅಂಗಡಿಗೆ ಇವತ್ತಿಗೂ ಬಂದಿಲ್ಲ. 2018ರಲ್ಲಿ ಒಂದು ಜೆಲ್‌ನ ದೊಡ್ಡ ಪ್ರಯೋಗ ಶುರುವಾಯ್ತು. ಗಂಡಸರು ದಿನಾ ಭುಜಕ್ಕೆ ಹಚ್ಕೋಬೇಕು, ಅಷ್ಟೆ. ಅದರಲ್ಲಿರೋ ನೆಸ್ಟೊರೋನ್ ವೀರ್ಯಾಣು ತಯಾರಾಗೋದನ್ನ ತಡೆಯುತ್ತೆ. ಅದರಿಂದ ಕಮ್ಮಿಯಾಗೋ ಟೆಸ್ಟೋಸ್ಟಿರೋನನ್ನ ಅದೇ ಜೆಲ್ ತುಂಬಿಕೊಡುತ್ತೆ.

ಓದಿ ಖುಷಿಯಾಗಿ ನನ್ನವನಿಗೆ ಹೇಳಿದೆ. "ಸೈಡ್ ಎಫೆಕ್ಟ್ ಇರಲ್ವಾ?" ಅಂದ, ತಕ್ಷಣ.

ನ್ಯಾಯವಾದ ಪ್ರಶ್ನೆನೇ. ಆದ್ರೆ ನಾನು ಮಾತ್ರೆ ಶುರು ಮಾಡಿ ಎರಡು ವರ್ಷ ಆಯ್ತು. ಮೊದಲ ತಿಂಗಳುಗಳ ತಲೆನೋವು, ವಾಕರಿಕೆ ಎಲ್ಲಾ ಪಕ್ಕದಲ್ಲೇ ಇದ್ದು ನೋಡಿದಾನೆ. ಈ ಪ್ರಶ್ನೆ ಮಾತ್ರ ಒಮ್ಮೆಯೂ ಬಂದಿರಲಿಲ್ಲ...

ಜೆಲ್ ಬರೋವಾಗ ಬರಲಿ. ಆ ಪ್ರಶ್ನೆಯನ್ನ ಇಬ್ಬರ ಪರವಾಗಿಯೂ ಕೇಳೋಕೆ ಯಾರ ಒಪ್ಪಿಗೆಯೂ ಬೇಕಿಲ್ಲ ಅಲ್ವಾ? ನಿಮ್ಮನೇಲಿ ಯಾರು ಕೇಳ್ತಾರೆ?