ಊನೋದರ: ವ್ರತವೂ ಪಥ್ಯವೂ

ಅಜೀರ್ಣವೆಂಬುದು ಉದರವೊಂದರ ವ್ಯಾಧಿಯಲ್ಲ. ಉಣ್ಣುವ ಹೊತ್ತು, ನಿದ್ರೆ, ದುಡಿಮೆ, ಮನಸ್ಸಿನ ಕಳವಳ ಇವೆಲ್ಲವುಗಳ ಲೆಕ್ಕವೂ ಅಲ್ಲಿಗೆ ಬಂದು ಕೂಡುತ್ತದೆ. ವ್ಯಾಪಾರಿಯಾದ ನನಗೆ ಇದು ಜಮಾ-ಖರ್ಚಿನಂತೆಯೇ ಕಾಣುತ್ತದೆ. ಶಕ್ತಿ ಮೀರಿ ಉಂಡದ್ದು ಸಾಲ. ಅದರ ಬಡ್ಡಿಯನ್ನು ದೇಹವೇ ತೆರಬೇಕು.

ನಮ್ಮ ಹುಣಸೂರು ಸೀಮೆಗೆ ಅನ್ನದ ವಿಚಾರದಲ್ಲಿ ಒಂದು ಹಿರಿಮೆಯುಂಟು. ಕಲ್ಲಹಳ್ಳಿಯ ಪ್ರಭುವಾಗಿದ್ದ ಜೈನಕವಿ ಮೂರನೆಯ ಮಂಗರಸನು 16ನೆಯ ಶತಮಾನದ ಆರಂಭದಲ್ಲಿ ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಹಿಟ್ಟಿನ ಭಕ್ಷ್ಯಗಳು, ಪಾನಕಗಳು, ಬದನೆಯ ಬಗೆಬಗೆಯ ಅಡುಗೆಗಳು ಅದರಲ್ಲಿವೆ, ಮಾಂಸದ ಮಾತಿಲ್ಲ. ಅದೇ ಕವಿ ‘ಸಮ್ಯಕ್ತ್ವ ಕೌಮುದಿ’ಯನ್ನೂ ಬರೆದನು. ರುಚಿಯನ್ನು ಅರಿಯುವುದಕ್ಕೂ ಧರ್ಮಕ್ಕೂ ವಿರೋಧವಿಲ್ಲ. ಲೋಲುಪತೆ ಮಾತ್ರ ತ್ಯಾಜ್ಯ. ಅದಕ್ಕೂ ಶತಮಾನಗಳ ಹಿಂದೆ, ಅಮೋಘವರ್ಷನ ಕಾಲದ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ದಲ್ಲಿ ಮಾಂಸವನ್ನು ಬಳಸದ ವೈದ್ಯಪದ್ಧತಿಯನ್ನು ನಿರೂಪಿಸಿದ್ದರು.

ಆರು ಬಾಹ್ಯತಪಗಳಲ್ಲಿ ಅನಶನದ ನಂತರ ಬರುವುದು ಅವಮೌದರ್ಯ, ಅಂದರೆ ಹೊಟ್ಟೆ ತುಂಬುವ ಮೊದಲೇ ಕೈ ತೊಳೆಯುವುದು. ಪುರುಷನ ಪೂರ್ಣಾಹಾರವನ್ನು 32 ತುತ್ತುಗಳೆಂದು ಎಣಿಸಿ, ಅದಕ್ಕಿಂತ ಕಡಿಮೆ ಉಣ್ಣುವುದೇ ತಪಸ್ಸೆಂದು ಆಚಾರ್ಯರು ಹೇಳಿದರು. ಇದರ ಗುರಿ ಕರ್ಮನಿರ್ಜರೆಯೇ ಹೊರತು ಆರೋಗ್ಯವಲ್ಲ. ಆದರೂ ಆರೋಗ್ಯವು ಅದರ ಹಿಂದೆಯೇ ಬರುತ್ತದೆ. ಉಂಡೊಡನೆ ಮಲಗಿದರೆ ಜಠರದ ಆಮ್ಲವು ಅನ್ನನಾಳಕ್ಕೆ ಏರುವುದು ಸುಲಭ. ಊಟಕ್ಕೂ ಶಯನಕ್ಕೂ ಎರಡು-ಮೂರು ಗಂಟೆಗಳ ಅಂತರವಿರಲೆಂದು ವೈದ್ಯರು ಹೇಳುತ್ತಾರೆ. ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ಶ್ರಾವಕನಿಗೆ ಈ ಅಂತರವು ತಾನಾಗಿಯೇ ದೊರೆಯುತ್ತದೆ.

ಆದರೆ ಈ ನಿಯಮವನ್ನು ಎಲ್ಲರ ಮೇಲೆ ಹೇರಲಾದೀತೇ? ವೀರನಹೊಸಹಳ್ಳಿಯು ನಾಗರಹೊಳೆ ಕಾಡಿನ ಅಂಚಿನ ಊರು. ಆ ಕಡೆಯ ರೈತನು ಆನೆಗಳಿಂದ ಫಸಲನ್ನು ಉಳಿಸಿಕೊಳ್ಳಲು ರಾತ್ರಿಯಿಡೀ ಕಾವಲು ಕೂರುತ್ತಾನೆ. ಹೊತ್ತಲ್ಲದ ಹೊತ್ತಿನಲ್ಲಿ ಮುದ್ದೆ ಉಣ್ಣುತ್ತಾನೆ. ನಿದ್ರೆ ತಡೆಯಲು ಹೊಗೆಸೊಪ್ಪು ಅಗಿಯುತ್ತಾನೆ. ಅವನಿಗೆ ವ್ರತೋಪದೇಶ ಮಾಡುವುದು ಸುಲಭ, ಆದರೆ ಉಚಿತವಲ್ಲ. ಇದ್ದುದರಲ್ಲಿ ಮಿತ, ಮಲಗುವ ಮುನ್ನ ಕೊಂಚ ಬಿಡುವು, ಹೊಗೆಸೊಪ್ಪಿನ ತ್ಯಾಗ, ಇಷ್ಟನ್ನು ಸ್ನೇಹದಿಂದ ಹೇಳಬಹುದು.

ಅಂತಹ ಒಬ್ಬ ಗಿರಾಕಿ ಹೊಟ್ಟೆಯುರಿಗೆಂದು ನನ್ನಲ್ಲಿ ಓಮ, ಸೋಡಾಪುಡಿ ಕೊಳ್ಳುತ್ತಿದ್ದ. ಒಮ್ಮೆ ಮಾತಿನ ನಡುವೆ, ಮಲವು ಟಾರಿನಂತೆ ಕಪ್ಪಾಗಿದೆಯೆಂದ. ನಾನು ಪೊಟ್ಟಣ ಕಟ್ಟದೆ ಅವನ ಮಗನನ್ನು ಕರೆಸಿ ಆಸ್ಪತ್ರೆಗೆ ಕಳುಹಿಸಿದೆ. ಜಠರದ ಹುಣ್ಣಿನಿಂದ ರಕ್ತ ಸೋರುತ್ತಿತ್ತು, ಚಿಕಿತ್ಸೆಯಿಂದ ಗುಣವಾಯಿತು. ಇಂತಹ ಹುಣ್ಣುಗಳಿಗೆ ಬಹುಪಾಲು ಒಂದು ಬಗೆಯ ಸೂಕ್ಷ್ಮಜೀವಿ ಅಥವಾ ನೋವಿನ ಮಾತ್ರೆಗಳ ಅತಿಬಳಕೆ ಕಾರಣ. ಆ ಜೀವಿಯನ್ನು ಗುರುತಿಸಿದ ಮಾರ್ಷಲ್ ಮತ್ತು ವಾರನ್ ಎಂಬ ಆಸ್ಟ್ರೇಲಿಯದ ವೈದ್ಯರಿಗೆ 2005ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಕಪ್ಪು ಮಲ, ನುಂಗಲು ತೊಂದರೆ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ ಇವುಗಳಿಗೆ ಮನೆಮದ್ದು ಸಲ್ಲದು.

ಪ್ರಮಾದದಿಂದ ಪ್ರಾಣಕ್ಕೆ ಘಾತವಾಗುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ಆ ಪ್ರಾಣವು ಪರರದಾಗಿರಬಹುದು, ನಮ್ಮದೇ ಆಗಿರಬಹುದು. ತಟ್ಟೆಯ ಮುಂದೆ ಕುಳಿತವನಿಗೆ ಮಿತವೇ ಅಹಿಂಸೆ. ತಕ್ಕಡಿಯ ಹಿಂದೆ ನಿಂತವನಿಗೆ ಮಾರಬಾರದ ವೇಳೆಯಲ್ಲಿ ಮಾರದಿರುವುದೂ ಅಹಿಂಸೆಯೇ.