ಜೋಕಾಲಿಯ ಹಗ್ಗ, ಜೀಪಿನ ತೋಳು

ಕ್ಯಾಲೆಂಡರಿನ ಹಾಳೆ ತಿರುವುವಾಗ ನಾಗರ ಪಂಚಮಿ ಕಣ್ಣಿಗೆ ಬಿದ್ದರೆ ಬೇರೆಯವರಿಗೆ ಉಂಡಿ, ಅಳ್ಳು, ಹುತ್ತಕ್ಕೆ ಎರೆಯುವ ಹಾಲು ನೆನಪಾದೀತು. ನನಗೆ ಜೀಪಿನ ಹೊಟ್ಟೆಯಡಿಯ ಕಬ್ಬಿಣದ ತೋಳುಗಳು ನೆನಪಾಗುತ್ತವೆ. ಅದಕ್ಕೆ ಕಾರಣ ಜೋಕಾಲಿ. ಉತ್ತರ ಕರ್ನಾಟಕದ ಊರುಗಳಲ್ಲಿ ಪಂಚಮಿಯ ಜೋಕಾಲಿಗೆ ಎತ್ತರದ ಕೊಂಬೆಯನ್ನೇ ಹುಡುಕುತ್ತಾರೆ. ಕೈಗೆಟುಕುವ ಕೊಂಬೆ ಇದ್ದರೂ ಅದನ್ನು ಬಿಟ್ಟು, ಹುಡುಗನೊಬ್ಬನನ್ನು ಮರ ಹತ್ತಿಸಿ, ಬಾವಿ ಹಗ್ಗದಷ್ಟು ಉದ್ದದ ಹಗ್ಗ ಇಳಿಬಿಡುತ್ತಾರೆ. ಮೋಟು ಹಗ್ಗದ ಜೋಕಾಲಿಯಲ್ಲಿ ನಾಲ್ಕು ಅಡಿ ಮುಂದೆ ಹೋಗುವಷ್ಟರಲ್ಲೇ ಮೈ ಮೇಲಕ್ಕೆ ಎಗರುತ್ತದೆ, ಹಿಂದೆ ಬರುವಾಗ ಹೊಟ್ಟೆಯಲ್ಲಿ ಕಳವಳ. ಉದ್ದ ಹಗ್ಗದ್ದಾದರೆ ಅದೇ ನಾಲ್ಕು ಅಡಿ ನೆಲದ ಮೇಲೆ ತೇಲಿದ ಹಾಗೆ. ಇದು ತಿಳಿಯಲು ಯಾರೂ ರೇಖಾಗಣಿತ ಓದಬೇಕಿಲ್ಲ. ಆದರೆ ಇದೇ ಜೋಕಾಲಿಯನ್ನು ಅಡ್ಡ ಮಲಗಿಸಿ ಗಾಡಿಯ ಕೆಳಗೆ ಕಟ್ಟಿದರೆ ಜನ ಕೊಂಬೆಯನ್ನೂ ಹಗ್ಗವನ್ನೂ ಮರೆತು, ‘ಎಷ್ಟು ಇಂಚು ಎತ್ತರ ಮಾಡಿಸಿದಿರಿ?’ ಎಂದಷ್ಟೇ ಕೇಳುತ್ತಾರೆ.

ಅಮೆರಿಕದಲ್ಲಿ ಹಳೆಯ ಜೀಪ್ ರ‍್ಯಾಂಗ್ಲರ್ ಸಾಕಿಕೊಂಡವರ ಲೋಕದಲ್ಲಂತೂ ಇದು ನಿತ್ಯದ ಪ್ರಶ್ನೆ. ಯೂಟಾದ ಮೋಆಬ್ ಬಂಡೆಗಳ ಮೇಲೋ ಕ್ಯಾಲಿಫೋರ್ನಿಯಾದ ರುಬಿಕಾನ್ ಹಾದಿಯಲ್ಲೋ ಹೋಗಬೇಕೆಂದರೆ ದೊಡ್ಡ ಟೈರು ಬೇಕು. ದೊಡ್ಡ ಟೈರು ಮಡ್‌ಗಾರ್ಡಿಗೆ ಉಜ್ಜದಿರಲು ಗಾಡಿ ಮೇಲೇಳಬೇಕು. ಅದಕ್ಕೆ ಲಿಫ್ಟ್ ಕಿಟ್. ಮನೆಯ ಮುಂದಿನ ಕಾಂಕ್ರೀಟ್ ಅಂಗಳದಲ್ಲಿ, ಎರಡು ಮೂರು ದಿನ ರಜೆ ಸಿಕ್ಕರೆ, ತಾವೇ ಅದನ್ನು ಕೂರಿಸುವವರು ಅಲ್ಲಿ ಬೇಕಾದಷ್ಟಿದ್ದಾರೆ. ಉದ್ದನೆಯ ಸ್ಪ್ರಿಂಗು, ಉದ್ದನೆಯ ಶಾಕ್ ಅಬ್ಸಾರ್ಬರ್ ಹಾಕಿ ಮುಗಿಸುವುದು ಒಂದು ಬಗೆ. ಆಕ್ಸಲ್ಲನ್ನು ಚಾಸಿಗೆ ಹಿಡಿದಿಡುವ, ಕಾರ್ಖಾನೆ ಕೊಟ್ಟ ಮೋಟು ಕಂಟ್ರೋಲ್ ಆರ್ಮುಗಳನ್ನು, ಅಂದರೆ ತೋಳುಗಳನ್ನು, ಕಿತ್ತು, ಅವುಗಳ ಬ್ರಾಕೆಟ್ಟನ್ನೇ ಚಾಸಿಯಿಂದ ಕತ್ತರಿಸಿ, ಸುಮಾರು ಇಮ್ಮಡಿ ಉದ್ದದ ತೋಳುಗಳನ್ನು ಗಾಡಿಯ ನಡುಹೊಟ್ಟೆಗೆ ಸಿಕ್ಕಿಸುವುದು ಇನ್ನೊಂದು ಬಗೆ. ಅದೇ ಲಾಂಗ್ ಆರ್ಮ್ ಲಿಫ್ಟ್. ನನ್ನ ವಾದ ಇಷ್ಟು: ಈ ಹೆಸರಿನಲ್ಲಿ ತೂಕವಿರುವುದು ಕೊನೆಯ ಪದಕ್ಕಲ್ಲ, ಮೊದಲಿನ ಎರಡಕ್ಕೆ. ಜೊತೆಗೆ, ಇದನ್ನು ಈ ಕಾಲದ ಶೋಕಿ ಎನ್ನುವುದು ತಪ್ಪು. ಮೋಟಾರು ಗಾಡಿ ತನ್ನ ಬಾಲ್ಯದಲ್ಲಿ ಕಲಿತು, ಪ್ರಾಯದಲ್ಲಿ ಮರೆತ ಪಾಠ ಇದು.

ಲೆಕ್ಕವನ್ನೇ ಮೊದಲು ನೋಡೋಣ. 1997ರ ಮಾದರಿಯಾಗಿ ಬಂದ, ಟಿಜೆ ಎಂದು ಕರೆಯುವ ರ‍್ಯಾಂಗ್ಲರಿನ ಮುಂದಿನ ಕೆಳತೋಳಿನ ಉದ್ದ ಸುಮಾರು 40 ಸೆಂ.ಮೀ. ಕಾರ್ಖಾನೆಯಿಂದ ಬಂದಾಗ ಅದು ಹೆಚ್ಚುಕಡಿಮೆ ಮಟ್ಟಸವಾಗಿ ಮಲಗಿರುತ್ತದೆ ಎಂದಿಟ್ಟುಕೊಳ್ಳಿ. ಗಾಡಿಯನ್ನು ನಾಲ್ಕು ಇಂಚು, ಅಂದರೆ 10 ಸೆಂ.ಮೀ. ಎತ್ತಿದಿರಿ: ತೋಳು 14 ಡಿಗ್ರಿಗೂ ಹೆಚ್ಚು ಓರೆಯಾಗುತ್ತದೆ. ಚಕ್ರ ಹಳ್ಳಕ್ಕಿಳಿದು ಇನ್ನೂ 15 ಸೆಂ.ಮೀ. ಜೋತುಬಿದ್ದರೆ ಓರೆ 38 ಡಿಗ್ರಿ ದಾಟುತ್ತದೆ, ಅಷ್ಟರಲ್ಲಿ ಆಕ್ಸಲ್ಲು ಏಳೂವರೆ ಸೆಂ.ಮೀ. ಹಿಂದಕ್ಕೆ ಎಳೆದುಕೊಂಡಿರುತ್ತದೆ. ಅದೇ ತೋಳು 80 ಸೆಂ.ಮೀ. ಇದ್ದರೆ ಓರೆ 18 ಡಿಗ್ರಿ, ಹಿಂದೆ ಸರಿಯುವುದು ಮೂರೂವರೆ ಸೆಂ.ಮೀ.ಗೂ ಕಡಿಮೆ. ಆದರೆ ನಿಜವಾದ ಕಿರುಕುಳ ಇರುವುದು ಇದರ ತಿರುವುಮುರುವಿನಲ್ಲಿ. ಓರೆಯಾಗಿ ಇಳಿಬಿದ್ದ ಮೋಟು ತೋಳಿನ ಚಕ್ರ ಕಲ್ಲಿಗೆ ಬಡಿದಾಗ ಮೇಲೇರಲು ಮೊದಲು ಮುಂದಕ್ಕೆ, ಆ ಕಲ್ಲಿನ ಕಡೆಗೇ, ಸರಿಯಬೇಕಾಗುತ್ತದೆ. ಕಲ್ಲು ಹಿಂದಕ್ಕೆ ತಳ್ಳುತ್ತದೆ, ತೋಳು ಮುಂದಕ್ಕೆ ನೂಕುತ್ತದೆ. ಈ ಜಗಳ ಹರಿಯದೆ ಹೊಡೆತವೆಲ್ಲ ತೋಳಿನ ಉದ್ದಕ್ಕೂ ಏರಿ ಚಾಸಿಗೆ, ಚಾಸಿಯಿಂದ ಕೂತವರ ಬೆನ್ನಿಗೆ ಮುಟ್ಟುತ್ತದೆ. ಎತ್ತರಿಸಿದ ಗಾಡಿ ಹಳ್ಳಿಯ ಗಾಡಿದಾರಿಯಲ್ಲಿ ಕುಣಿಯುವುದನ್ನು ಕಂಡು ಸ್ಪ್ರಿಂಗು ಗಟ್ಟಿಯಾಯಿತೆಂದು ಬಯ್ಯುವವರು ಬಹಳ. ಎಷ್ಟೋ ಸಲ ಪಾಪದ ಸ್ಪ್ರಿಂಗಿನ ತಪ್ಪೇನೂ ಇರುವುದಿಲ್ಲ.

ಈಗ ಚರಿತ್ರೆ. ಜೀಪಿನ ಹುಟ್ಟು ಎಲ್ಲರಿಗೂ ಗೊತ್ತಿರುವ ಕತೆ: 1940ರಲ್ಲಿ ಅಮೆರಿಕದ ಸೈನ್ಯದ ಅವಸರ, ಬ್ಯಾಂಟಮ್ ಎಂಬ ಸಣ್ಣ ಕಂಪನಿ, ಕಾರ್ಲ್ ಪ್ರೊಬ್ಸ್ಟ್ ಎಳೆದ ನಕ್ಷೆ, ಆಮೇಲೆ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳಿಂದ ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಹೆಚ್ಚು ಗಾಡಿಗಳು. ಅವಕ್ಕೆಲ್ಲ ಕಮಾನುಪಟ್ಟಿ, ಅಂದರೆ ಲೀಫ್ ಸ್ಪ್ರಿಂಗು. ಎತ್ತಿನ ಗಾಡಿಗೂ ಲಾರಿಗೂ ನಡುವೆ ಹುಟ್ಟಿದ ಪ್ರಾಣಿಗೆ ಅದೇ ಸರಿ. ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪಟ್ಟಿಗಳು ಭಾರವನ್ನೂ ಹೊರುತ್ತವೆ, ಆಕ್ಸಲ್ಲನ್ನು ಹಿಂದೆಮುಂದೆ, ಎಡಬಲ ಅಲ್ಲಾಡದಂತೆ ಹಿಡಿದೂ ಇಡುತ್ತವೆ. ಬೇರೆ ತೋಳೇ ಬೇಡ. ಇಷ್ಟು ಎಲ್ಲ ಪುಸ್ತಕಗಳಲ್ಲೂ ಇದೆ. ನನ್ನನ್ನು ಬಿಡದೆ ಕಾಡುವುದು ಇದರ ಪಕ್ಕದಲ್ಲೇ ಇದ್ದ ಇನ್ನೊಂದು ಸಂಗತಿ. ಸೈನ್ಯಕ್ಕೆ ಕಮಾನುಪಟ್ಟಿಯ ಜೀಪು ಮಾಡಿಕೊಡುತ್ತಿದ್ದ ಅದೇ ಫೋರ್ಡ್ ಕಂಪನಿ, ತನ್ನ ಸ್ವಂತ ಕಾರುಗಳಲ್ಲಿ ಅಷ್ಟು ಹೊತ್ತಿಗೆ ಮೂವತ್ತು ವರ್ಷಕ್ಕೂ ಮಿಕ್ಕಿ ಉದ್ದ ತೋಳನ್ನೇ ಬಳಸುತ್ತಿತ್ತು.

1908ರ ಮಾಡೆಲ್ ಟಿಯ ಕೆಳಗೆ ತಲೆ ಹಾಕಿದರೆ ಸಿಗುವ ನೋಟವೇ ಬೇರೆ. ಅಲ್ಲೂ ಕಮಾನುಪಟ್ಟಿ ಉಂಟು. ಆದರೆ ಗಾಡಿಯ ಉದ್ದಕ್ಕಲ್ಲ, ಅಡ್ಡಕ್ಕೆ, ಮುಂದೊಂದು ಹಿಂದೊಂದು. ಅಡ್ಡ ಮಲಗಿದ ಪಟ್ಟಿ ಭಾರ ಹೊತ್ತೀತೇ ಹೊರತು ಆಕ್ಸಲ್ಲು ಹಿಂದೆಮುಂದೆ ಓಡದಂತೆ ತಡೆಯಲಾರದು. ಅದಕ್ಕಾಗಿ ಮುಂದಿನ ಆಕ್ಸಲ್ಲಿನ ಎರಡೂ ತುದಿಯಿಂದ ಎರಡು ಸರಳುಗಳು ಹೊರಟು, ಕವಣೆಯ ಕವಲಿನ ಹಾಗೆ ಕೂಡಿಕೊಂಡು, ಎಂಜಿನ್ನಿನ ಅಡಿಯಲ್ಲಿ ಒಂದೇ ಒಂದು ಉಕ್ಕಿನ ಗುಂಡಾಗಿ ಮುಗಿಯುತ್ತವೆ. ಆ ಗುಂಡು ಬಟ್ಟಲಿನಂಥ ಕುಣಿಯಲ್ಲಿ ಕೂತಿರುತ್ತದೆ. ಹಿಂದಿನ ಆಕ್ಸಲ್ಲಿನದೂ ಇದೇ ರೀತಿ; ಪ್ರೊಪೆಲ್ಲರ್ ಶಾಫ್ಟನ್ನು ಒಳಗಿಟ್ಟುಕೊಂಡ ಕೊಳವೆ ಗೇರುಪೆಟ್ಟಿಗೆಯ ಹಿಂದೆ ಒಂದು ಗುಂಡಿನ ಮೇಲೆ ತಿರುಗುತ್ತದೆ. ಒಂದು ಚಕ್ರ ಹೊಂಡದಲ್ಲಿ, ಇನ್ನೊಂದು ದಿಬ್ಬದ ಮೇಲೆ ಇದ್ದರೂ ಇಡೀ ಆಕ್ಸಲ್ಲು ಆ ಗುಂಡಿನ ಸುತ್ತ ನಾಟ್ಯವಾಡೀತೇ ವಿನಾ ಚಾಸಿಯನ್ನು ತಿರುಚದು. ಡಾಂಬರು ಕಾಣದ ಅಮೆರಿಕದ ಹೊಲದಾರಿಗಳಲ್ಲಿ ಈ ಗಾಡಿ ಒಂದೂವರೆ ಕೋಟಿ ಮಾರಾಟವಾದದ್ದಕ್ಕೆ ಅಗ್ಗದ ಬೆಲೆಯೇ ಮುಖ್ಯ ಕಾರಣವೆನ್ನುತ್ತಾರೆ. ನಾನು ಆ ಗುಂಡಿಗೂ ಒಂದು ಪಾಲು ಕೊಡುತ್ತೇನೆ. ಇದು ಪಕ್ಷಪಾತವೆಂದು ನನಗೂ ಗೊತ್ತು. ಹೆನ್ರಿ ಫೋರ್ಡನಿಗೆ ಈ ಏರ್ಪಾಡಿನ ಮೇಲೆ ನನಗಿಂತ ಹೆಚ್ಚು ಪಕ್ಷಪಾತವಿತ್ತು. ಬೇರೆಯವರೆಲ್ಲ ಬಿಟ್ಟ ಮೇಲೂ ಫೋರ್ಡ್ ಕಾರುಗಳು ಅಡ್ಡ ಪಟ್ಟಿಯನ್ನು 1948ರವರೆಗೆ ಬಿಡಲಿಲ್ಲ. ಯುದ್ಧದ ಆಚೀಚೆ ಕ್ಯಾಲಿಫೋರ್ನಿಯಾದ ಹುಡುಗರು ಹಳೆಯ ಫೋರ್ಡುಗಳನ್ನು ಬಿಚ್ಚಿ ಹಾಟ್‌ರಾಡ್ ಕಟ್ಟುವಾಗ ಈ ಕವಲನ್ನು ನಡುವೆ ಸೀಳಿ, ಎರಡು ತುದಿಗಳನ್ನು ಚಾಸಿಯ ಎರಡು ಬದಿಗೆ ಕೂರಿಸುತ್ತಿದ್ದರು. ಮನೆಯಂಗಳದಲ್ಲಿ ಕತ್ತರಿಸಿ ಬೆಸೆಯುವ ಇಂದಿನ ಜೀಪಿನವರಿಗೆ ವಂಶಾವಳಿ ಬೇಕಿದ್ದರೆ ಅಲ್ಲಿದೆ. 1966ರ ಫೋರ್ಡ್ ಬ್ರಾಂಕೋ ಮುಂದಿನ ಆಕ್ಸಲ್ಲಿಗೆ ಸುರುಳಿ ಸ್ಪ್ರಿಂಗಿನ ಜೊತೆ ತೋಳು ತಂದಿತು. 1970ರ ರೇಂಜ್ ರೋವರ್ ನಾಲ್ಕೂ ಚಕ್ರಕ್ಕೆ ಸುರುಳಿ ಕೊಟ್ಟಿತು. ಜೀಪಿನ ಹೆಸರು ಹೊತ್ತ ಈ ಪುಟ್ಟ ಗಾಡಿ ಮಾತ್ರ ಕಮಾನುಪಟ್ಟಿ ಬಿಡಲು ಟಿಜೆಯವರೆಗೆ ಕಾಯಿತು. ಬಿಟ್ಟ ಮೇಲೂ ಮೋಟು ತೋಳಿಗೇ ತೃಪ್ತಿಪಟ್ಟಿತು.

ಕಾರ್ಖಾನೆಯ ಎಂಜಿನಿಯರರಿಗೆ ಇಷ್ಟೂ ತಿಳಿದಿರಲಿಲ್ಲವೇ ಎಂಬುದು ಮೊದಲ ಆಕ್ಷೇಪ. ತಿಳಿದಿತ್ತು. ಅವರು ಕೊಟ್ಟ ಎತ್ತರದಲ್ಲಿ ಅವರ ತೋಳು ಹೆಚ್ಚುಕಡಿಮೆ ಮಟ್ಟಸವಾಗಿಯೇ ಇತ್ತು. ಮಟ್ಟಸವಾದ ಮೋಟು ತೋಳು ತಪ್ಪಲ್ಲ. ಗಾಡಿಯನ್ನು ಮೇಲೆತ್ತಿದವರು ನಾವು. ಜೋಕಾಲಿಯ ಮಣೆಯನ್ನು ಕೊಂಬೆಗೆ ಹತ್ತಿರ ಕಟ್ಟಿ ಕೊಂಬೆಯನ್ನು ದೂರಿದರೆ ಹೇಗೆ? ಎತ್ತರ ಬದಲಿಸಿದ ದಿನವೇ ಉಳಿದ ಕೋನಗಳ ಸಾಲ ನಮ್ಮ ತಲೆಗೆ ಬಂತು. ಉದ್ದ ತೋಳು ಆ ಸಾಲ ತೀರಿಸುವ ದಾರಿ, ಅದೂ ಪೂರ್ತಿಯಾಗಿ ಅಲ್ಲ. ಎತ್ತರವಾದಾಗ, ಆಕ್ಸಲ್ಲು ಎಡಬಲ ಸರಿಯದಂತೆ ಚಾಸಿಗೆ ಹಿಡಿದಿಡುವ ಅಡ್ಡಸರಳು ಅದನ್ನು ಒಂದು ಬದಿಗೆ ಎಳೆಯುತ್ತದೆ, ಅದನ್ನು ಸರಿಪಡಿಸಬೇಕು. ಸ್ಟೀರಿಂಗಿನ ಸರಳು ಆ ಅಡ್ಡಸರಳಿಗೆ ಸಮಾಂತರವಾಗಿರಬೇಕು, ಇಲ್ಲವಾದರೆ ಪ್ರತಿ ಕುಲುಕಿಗೂ ಗಾಡಿ ತಾನೇ ತಿರುಗುತ್ತದೆ. ಬ್ರೇಕಿನ ಪೈಪು ಉದ್ದವಾಗಬೇಕು. ಗಿಡ್ಡ ಗಾಡಿಯಾದ್ದರಿಂದ ಹಿಂದಿನ ಪ್ರೊಪೆಲ್ಲರ್ ಶಾಫ್ಟಿನ ಓರೆಯನ್ನೂ ನೋಡಬೇಕು. ಇದೆಲ್ಲ ಬೇಡವೆನಿಸಿದವರು ಎರಡು ಇಂಚಿಗೆ ನಿಂತು ಮೋಟು ತೋಳಿನಲ್ಲೇ ಸುಖವಾಗಿರಬಹುದು, ಅದರಲ್ಲಿ ನಾಚಿಕೆಯೇನೂ ಇಲ್ಲ.

ಎರಡನೆಯ ಆಕ್ಷೇಪ ನಮ್ಮ ಕಡೆಯದು, ಹೆಚ್ಚು ಗಟ್ಟಿಯದು. ಕೊಡಚಾದ್ರಿಗೆ ಭಕ್ತರನ್ನು ತುಂಬಿಕೊಂಡು ಹತ್ತುವ ಹಳೆಯ ಜೀಪುಗಳಿಗೆ ಯಾವ ಉದ್ದ ತೋಳಿತ್ತು? ವಿಲ್ಲಿಸ್ ನಕ್ಷೆಯನ್ನು ಮಹೀಂದ್ರಾ ಇಲ್ಲಿಗೆ ತಂದಾಗ ಕಮಾನುಪಟ್ಟಿಯೂ ಬಂತು, ಮಲೆನಾಡಿನ ತೋಟಗಳು ದಶಕಗಟ್ಟಲೆ ಅದರ ಮೇಲೆಯೇ ನಡೆದವು. ಪಟ್ಟಿಯೊಂದು ತುಂಡಾದರೆ ಪೇಟೆಯ ಬದಿಯ ಕುಲುಮೆಯಲ್ಲೇ ಇನ್ನೊಂದು ಸಿಗುತ್ತಿತ್ತು. ಒಪ್ಪಿದೆ. ಆದರೆ ಆ ಡ್ರೈವರನಿಗೆ ದಾರಿಯ ಒಂದೊಂದು ಕಲ್ಲಿನ ಪರಿಚಯವಿದೆ. ಎಲ್ಲಿ ಚಕ್ರ ಇಡಬೇಕು, ಎಲ್ಲಿ ಕ್ಲಚ್ಚಿನ ಮೇಲೆ ಕಾಲು ಇಡಬಾರದು ಎಂಬುದು ಅವನಿಗೆ ನಿದ್ದೆಯಲ್ಲೂ ಗೊತ್ತು. ಅರ್ಧ ಸಸ್ಪೆನ್ಷನ್ನು ಅವನ ತಲೆಯಲ್ಲಿದೆ. ಗುರುತಿಲ್ಲದ ಬಂಡೆಯ ಮೇಲೆ ಗಾಡಿ ಏರಿಸುವವನಿಗೆ ಆ ಅನುಕೂಲವಿಲ್ಲ. ಅವನ ಪಾಲಿನ ಅರಿವನ್ನೂ ಲೋಹವೇ ಹೊರಬೇಕು. ಇನ್ನು ನಮ್ಮಲ್ಲಿ ಇದನ್ನು ಮಾಡಿಸಲು ಹೊರಟವರಿಗೆ ಕಾನೂನೂ ಅಡ್ಡ ಬರುತ್ತದೆ: ತಯಾರಕರ ನಮೂನೆಗೆ ವಿರುದ್ಧವಾದ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಒಪ್ಪುವುದಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ಮಹೀಂದ್ರಾದ 2020ರ ಥಾರ್‌ನ ಹಿಂದಿನ ಆಕ್ಸಲ್ಲಿಗೆ ಕಮಾನುಪಟ್ಟಿ ಹೋಗಿ ಸುರುಳಿಯೂ ತೋಳುಗಳೂ ಬಂದಿವೆ. ಸದ್ಯಕ್ಕೆ ಅಷ್ಟರಲ್ಲೇ ಸಮಾಧಾನ.

ಮೂರನೆಯದು, ಇಂಥ ಕೆಲಸ ಮನೆಯಂಗಳದಲ್ಲಿ ಮಾಡತಕ್ಕದ್ದೇ? ಕತ್ತರಿಸಿದ ಬ್ರಾಕೆಟ್ಟು ಮತ್ತೆ ಹುಟ್ಟುವುದಿಲ್ಲ, ವೆಲ್ಡಿಂಗ್ ಬಿಟ್ಟುಕೊಂಡರೆ ಆಕ್ಸಲ್ಲೇ ಕಳಚೀತು. ಆಕ್ಷೇಪ ಸರಿಯಾಗಿಯೇ ಇದೆ. ಆದರೆ ಈ ಕೆಲಸದಲ್ಲಿ ಬೇಕಾದ ಗುಣಗಳಲ್ಲಿ ಹೆಚ್ಚಿನವು ಅವಸರವಿಲ್ಲದವನ ಗುಣಗಳು. ಎಲ್ಲ ತೋಳನ್ನೂ ಒಟ್ಟಿಗೆ ಬಿಚ್ಚದೆ ಆಕ್ಸಲ್ಲನ್ನು ಕಟ್ಟುಪಟ್ಟಿಯಿಂದ ಬಿಗಿದು ಒಂದೊಂದನ್ನೇ ಬದಲಿಸಬೇಕು. ಬೆಂಕಿ ಹೊತ್ತಿಸುವ ಮೊದಲು ಬ್ಯಾಟರಿ ತಂತಿ ಬಿಚ್ಚಿ, ಪೆಟ್ರೋಲಿನ ಪೈಪು ಎಲ್ಲಿ ಹಾದಿದೆ ನೋಡಬೇಕು. ಹೊಸ ಬ್ರಾಕೆಟ್ಟಿಗೆ ಮೊದಲು ಚುಕ್ಕೆಯಷ್ಟೇ ಬೆಸುಗೆ ಇಟ್ಟು, ಎಡಬಲದ ಅಳತೆ ಮತ್ತೆ ಮತ್ತೆ ತಾಳೆ ನೋಡಿ, ಆಮೇಲೆ ಪೂರ್ತಿ ಬೆಸೆಯಬೇಕು. ಬೆಸುಗೆ ಕೈಗೆ ಹತ್ತದವನು ಅಷ್ಟು ಕೆಲಸಕ್ಕೆ ಬಲ್ಲವನನ್ನು ಕರೆಸುವುದೇ ಲೇಸು. ಎಲ್ಲಕ್ಕಿಂತ ಚಿಕ್ಕ, ಆದರೆ ನನಗೆ ಬಹಳ ಹಿಡಿಸಿದ ವಿಧಿ ರಬ್ಬರ್ ಬುಷ್ಷಿನದು. ಅದರ ಒಳಗೊಂದು ಉಕ್ಕಿನ ನಳಿಗೆ, ಹೊರಗೊಂದು, ನಡುವೆ ಎರಡಕ್ಕೂ ಕಚ್ಚಿಕೊಂಡ ರಬ್ಬರು. ಗಾಡಿ ಸ್ಟ್ಯಾಂಡಿನ ಮೇಲೆ ನಿಂತು ಚಕ್ರ ಜೋತಾಡುತ್ತಿರುವಾಗಲೇ ಬೋಲ್ಟು ಬಿಗಿದರೆ, ನೆಲಕ್ಕಿಳಿಸಿದ ಕೂಡಲೇ ರಬ್ಬರು ತಿರುಚಿಕೊಳ್ಳುತ್ತದೆ. ನಿಂತಲ್ಲೇ ನಿಂತರೂ ಅದಕ್ಕೆ ವಿಶ್ರಾಂತಿಯಿಲ್ಲ, ಬೇಗ ಹರಿಯುತ್ತದೆ. ಗಾಡಿ ತನ್ನ ಭಾರ ತಾನು ಹೊತ್ತು ನಿಂತ ಮೇಲೆಯೇ, ಅದರಡಿಗೆ ಬೆನ್ನ ಮೇಲೆ ಜಾರಿಕೊಂಡು ಹೋಗಿ, ಕೊನೆಯ ಸುತ್ತು ಬಿಗಿಯಬೇಕು. ಗಂಟೆಯ ಲೆಕ್ಕಕ್ಕೆ ದುಡಿಯುವವನಿಗೆ ಈ ಎರಡನೇ ಸಲದ ಜಾರುವಿಕೆ ದುಬಾರಿ. ಸ್ವಂತ ಅಂಗಳದವನಿಗೆ ಅಲ್ಲ.

ಉದ್ದ ತೋಳಿನಿಂದ ನಷ್ಟವೇ ಇಲ್ಲವೆಂದರೆ ಸುಳ್ಳಾದೀತು. ನಡುಹೊಟ್ಟೆಗೆ ಚಾಚಿದ ತೋಳು ಬಂಡೆಗೆ ತಾಗುವ ಜಾಗದಲ್ಲೇ ಇರುತ್ತದೆ. ಎತ್ತರ ಗಳಿಸಲು ಹೊರಟವನು ಹೊಟ್ಟೆಯಡಿಯ ಜಾಗವನ್ನು ಸ್ವಲ್ಪ ತೆರಬೇಕು. ತೋಳು ಉದ್ದವಾದಷ್ಟೂ ಅದು ಬಾಗದಷ್ಟು ದಪ್ಪವಾಗಬೇಕು, ಅದನ್ನು ಹಿಡಿದ ಬ್ರಾಕೆಟ್ಟು ಅಷ್ಟೇ ಭದ್ರವಾಗಿರಬೇಕು. ಉದ್ದ ಹಗ್ಗದ ಮಾತು ಬಂದಲ್ಲೆಲ್ಲ ಕೊಂಬೆಯ ಮಾತೂ ಬರುತ್ತದೆ. ಪಂಚಮಿಯ ಜೋಕಾಲಿ ಕಟ್ಟಿ ಮುಗಿದ ಮೇಲೆ ಮಕ್ಕಳು ಎಷ್ಟು ಗಲಾಟೆ ಮಾಡಿದರೂ, ಹಿರಿಯನೊಬ್ಬ ಎರಡೂ ಹಗ್ಗ ಹಿಡಿದು ತನ್ನ ಮೈಭಾರವನ್ನೆಲ್ಲ ಬಿಟ್ಟು ಜಗ್ಗಿ, ಕತ್ತೆತ್ತಿ ಕೊಂಬೆಯನ್ನೇ ಸ್ವಲ್ಪ ಹೊತ್ತು ನೋಡುತ್ತಾನೆ. ಆಮೇಲೆ ಮಣೆ ಬಿಟ್ಟುಕೊಡುತ್ತಾನೆ. ಉದ್ದ ತೋಳು ಕೂರಿಸಿ ಮುಗಿಸಿದವನು ಮೋಆಬಿನ ನಕ್ಷೆ ಬಿಚ್ಚುವ ಮೊದಲು ಮನೆಯ ಬೀದಿಯಲ್ಲಿ ನಿಧಾನಕ್ಕೆ ಒಂದು ಸುತ್ತು ಹಾಕಿ, ಇಳಿದು, ಟಾರ್ಚು ಹಿಡಿದು ಗಾಡಿಯ ಕೆಳಗೆ ಇನ್ನೊಮ್ಮೆ ಜಾರುತ್ತಾನೆ.