ಮೋಟಾರಿನ ಗುದ್ದು

ಶಿರೂರಿನಿಂದ ಬಾದಾಮಿಯ ಬನಶಂಕರಿಗೆ ಹೊರಟ ದಿನ ನಮ್ಮ ಸ್ವಯಂಚಾಲಿತ ಗೇರಿನ ಕಾರು, ನಿಲುಗಡೆಯ ‘ಪಿ’ಯಿಂದ ಮುನ್ನಡೆಯ ‘ಡಿ’ಗೆ ಬಂದೊಡನೆ ‘ಧಡ್’ ಎಂದಿತು. ಗೇರುಪೆಟ್ಟಿಗೆಯೇ ಕೆಟ್ಟಿತೆಂದು ಬಗೆದು, ಮಗಳ ವಿದ್ಯಾಭ್ಯಾಸಕ್ಕೆಂದು ಕೂಡಿಟ್ಟ ಹಣವನ್ನು ನೆನೆದು ನಾವು ಕಳವಳಗೊಂಡೆವು.

ವೃದ್ಧ ಮೇಸ್ತ್ರಿಯೊಬ್ಬರು ಮಾತ್ರ ಅವಸರಪಡಲಿಲ್ಲ. ಇಳಿಜಾರಿನಲ್ಲಿ ಕೈಬ್ರೇಕಿಲ್ಲದೆ ನಿಲ್ಲಿಸಿದರೂ ಹೀಗಾಗುವುದೆಂದರು. ನಾವು ಸಮನೆಲದಲ್ಲಿಯೇ ನಿಲ್ಲಿಸಿದ್ದೆವು. ಗೇರಿನ ಎಣ್ಣೆಯ ಮಟ್ಟವನ್ನೂ, ನಿಂತಲ್ಲಿ ಎಂಜಿನು ತಿರುಗುವ ವೇಗವನ್ನೂ ನೋಡಿದರು, ಎರಡೂ ಸರಿಯಾಗಿದ್ದುವು. ಬಳಿಕ ಬ್ರೇಕನ್ನು ಬಲವಾಗಿ ಒತ್ತಿಸಿ, ತಾವು ಪಕ್ಕದಲ್ಲಿ ನಿಂತು, ‘ಡಿ’ಗೂ ಹಿನ್ನಡೆಯ ‘ಆರ್’ಗೂ ಬದಲಿಸಹೇಳಿದರು. ಎಂಜಿನು ಪ್ರತಿಸಲವೂ ಎಗರಿಬಿದ್ದಿತು. ಅದನ್ನು ಹೊತ್ತ ರಬ್ಬರಿನ ಮೆತ್ತೆ ಹರಿದಿದ್ದಿತು!

ಮೆತ್ತೆ ಬದಲಾಯಿತು, ಗುದ್ದು ನಿಂತಿತು, ಮಗಳ ಹಣವುಳಿಯಿತು. ಸದ್ದು ಕೇಳಿದೊಡನೆ ದೊಡ್ಡ ರೋಗವನ್ನೇ ಶಂಕಿಸದೆ, ಮೊದಲು ಸಣ್ಣದನ್ನು ಪರೀಕ್ಷಿಸಿರೆಂದು ವಾಚಕರಲ್ಲಿ ನಮ್ಮ ವಿಜ್ಞಾಪನೆ.